ಗಗನದ ಅರಮನೆಗೆ ಬೀಳ್ಕೊಡುಗೆ

ಸರ್ಕಾರಿ ಕಚೇರಿಗಳಲ್ಲಿ ಬೀಳ್ಕೊಡುಗೆಗೆ ಒಂದು ಗೊತ್ತಾದ ಪದ್ಧತಿ ಇದೆ. ಅರವತ್ತು ತುಂಬಿದ ನೌಕರ ಆ ತಿಂಗಳ ಕೊನೆಯ ದಿನ ನಿವೃತ್ತನಾಗುತ್ತಾನೆ. ಅಂದು ಮಧ್ಯಾಹ್ನ ಮೂರೂವರೆಯ ಸುಮಾರಿಗೆ ವಿಭಾಗದ ಮೇಜುಗಳನ್ನು ಒಂದು ಬದಿಗೆ ಸರಿಸಲಾಗುತ್ತದೆ. ಒಂದು ಚೆಂಡುಹೂವಿನ ಹಾರ, ಒಂದು ಗೋಡೆ ಗಡಿಯಾರ, ತಟ್ಟೆಗೆ ಎರಡರಂತೆ ಸಮೋಸ, ಒಂದು ತುಂಡು ಬರ್ಫಿ. ಮೇಲಧಿಕಾರಿಗಳು ಎದ್ದು ನಿಂತು, "ಇವರಿಲ್ಲದ ಈ ವಿಭಾಗವನ್ನು ಊಹಿಸಿಕೊಳ್ಳುವುದೂ ಕಷ್ಟ" ಎನ್ನುತ್ತಾರೆ. ಮರುದಿನ ಬೆಳಿಗ್ಗೆ ಯಾವ ಊಹೆಯ ಸಹಾಯವೂ ಇಲ್ಲದೆ ವಿಭಾಗ ಎಂದಿನಂತೆ ನಡೆಯುತ್ತದೆ. ಆದರೂ ಆ ಅರ್ಧ ಗಂಟೆ ಸುಳ್ಳಲ್ಲ. ಹಾರ ಹಾಕಿಸಿಕೊಂಡವರ ಕಣ್ಣು ತೇವವಾಗುವುದನ್ನು ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ನೋಡುತ್ತ ಬಂದಿದ್ದೇನೆ.

ವಸ್ತುಗಳಿಗೆ ಈ ಭಾಗ್ಯವಿಲ್ಲ. ಕುರ್ಚಿ, ಫ್ಯಾನು, ಟೈಪ್‌ರೈಟರು, ಅಂಬಾಸಿಡರ್ ಕಾರು, ಇವೆಲ್ಲ ನಮ್ಮ ಭಾಷೆಯಲ್ಲಿ "ಕಂಡೆಮ್" ಆಗುತ್ತವೆ. ಒಂದು ಸಮಿತಿ ಕೂತು, ಇವು ಇನ್ನು ಉಪಯೋಗಕ್ಕೆ ಬಾರವು ಎಂದು ಬರೆದು ಸಹಿ ಹಾಕುತ್ತದೆ. ಕಡತ ಮೇಲಕ್ಕೆ ಹೋಗಿ ಕೆಳಕ್ಕೆ ಬರುತ್ತದೆ. ಹರಾಜು ಆಗುತ್ತದೆ. ದಾಸ್ತಾನು ಪುಸ್ತಕದಲ್ಲಿ ಆ ಸಾಲಿನ ಮೇಲೆ ಕೆಂಪು ಶಾಯಿಯ ಗೆರೆ ಬೀಳುತ್ತದೆ. ಅಂಥ ಗೆರೆಗಳನ್ನು ಎಳೆಯುವ ವಿಭಾಗದಲ್ಲಿಯೇ ನಾನು ಕೆಲವು ಕಾಲ ಕೆಲಸ ಮಾಡಿದವನು. ಆದ್ದರಿಂದ ಯಂತ್ರವೊಂದಕ್ಕೆ ಜನ ಸೇರಿ ಸಾರ್ವಜನಿಕವಾಗಿ ವಿದಾಯ ಹೇಳಿದರು ಎಂಬ ಸುದ್ದಿ ನನ್ನನ್ನು ವಿಶೇಷವಾಗಿ ತಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಅದು 2024ರ ಏಪ್ರಿಲ್ 22, ಸೋಮವಾರ. ಏರ್ ಇಂಡಿಯಾದ ಬೋಯಿಂಗ್ 747 ವಿಮಾನಗಳಲ್ಲಿ ಒಂದಾದ ವಿಟಿ-ಇವಿಎ, "ಆಗ್ರಾ" ಎಂಬ ಹೆಸರಿನದು, ಮುಂಬಯಿಯಿಂದ ಕೊನೆಯ ಬಾರಿಗೆ ಮೇಲೆದ್ದಿತು. ಅದನ್ನು ಅಮೆರಿಕದ ಏರ್‌ಸೇಲ್ ಎಂಬ ಸಂಸ್ಥೆ ಕೊಂಡಿತ್ತು. ಪ್ಲೇನ್‌ಫೀಲ್ಡ್ ಎಂಬಲ್ಲಿಗೆ ಹೋಗಿ ಅಲ್ಲಿ ಬಿಡಿಭಾಗಗಳಾಗಿ ಬಿಚ್ಚಿಕೊಳ್ಳುವುದು ಅದರ ಹಣೆಬರಹ ಎಂದು ಪತ್ರಿಕೆಗಳು ಬರೆದವು. ನೆಲ ಬಿಟ್ಟ ಮೇಲೆ ವಿಮಾನ ತನ್ನ ರೆಕ್ಕೆಗಳನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸಿತು. ವೈಮಾನಿಕರ ಲೋಕದಲ್ಲಿ ಅದು ಕೈ ಬೀಸಿದ ಹಾಗೆ. ಸರ್ಕಾರಿ ನೌಕರನಾಗಿದ್ದರೆ ಏಪ್ರಿಲ್ 30ರ ತನಕ ಕಾಯಬೇಕಾಗಿತ್ತು. ಖಾಸಗಿ ಒಡೆತನಕ್ಕೆ ಹೋದ ಮೇಲೆ ಅಂಥ ಕಟ್ಟುಪಾಡು ಇರಲಿಲ್ಲವೆಂದು ತೋರುತ್ತದೆ.

ಕಚೇರಿಯ ಊಟದ ವೇಳೆಯಲ್ಲಿ ಆ ದೃಶ್ಯವನ್ನು ಮೊಬೈಲಿನಲ್ಲಿ ನೋಡುತ್ತಿದ್ದಾಗ ಪಕ್ಕದ ಮೇಜಿನ ಹರಿಯಾಣದ ಮಿತ್ರರು ಬಗ್ಗಿ ನೋಡಿ, "ಎಷ್ಟು ಸಲ ಹತ್ತಿದ್ದಿರಿ ಇದನ್ನು?" ಎಂದರು. "ಒಂದು ಸಲವೂ ಇಲ್ಲ" ಎಂದೆ. "ಮತ್ತೆ ಇದೇನು, ಮನೆಯವರು ಯಾರೋ ಹೋದ ಹಾಗೆ ಕೂತಿದ್ದೀರಿ?" ಎಂದು ಅವರು ನಕ್ಕರು. ಅವರ ಪ್ರಶ್ನೆ ನ್ಯಾಯವಾದದ್ದೇ. ಹತ್ತದ ವಿಮಾನದ ಮೇಲೆ ಇಷ್ಟು ಮಮಕಾರ ಏಕೆ? ಅದಕ್ಕೆ ನಾಲ್ಕು ಮಾತಿನಲ್ಲಿ ಉತ್ತರ ಕೊಡಲಾಗದೆ ಈ ಲೇಖನ ಬರೆಯಲು ಕೂತಿದ್ದೇನೆ. ನಮ್ಮ ಸಂಘದ ಅನೇಕ ಕುಟುಂಬಗಳಿಗೂ ಈ ಪ್ರಶ್ನೆ ಸಂಬಂಧಿಸಿದ್ದು ಎಂಬ ನಂಬಿಕೆ ನನ್ನದು.

ಮೊದಲು ಸ್ವಲ್ಪ ಇತಿಹಾಸ. ಭಾರತದ ವಿಮಾನಯಾನದ ಹುಟ್ಟಿನಲ್ಲಿಯೇ ನಮ್ಮ ನಾಡಿಗೊಂದು ಪುಟ್ಟ ಪಾತ್ರವಿದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಅಂಚೆಯ ಚೀಲಗಳನ್ನು ಹೊತ್ತ ಪುಟ್ಟ ವಿಮಾನವನ್ನು ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಗೆ ತಂದರು. ಅಲ್ಲಿಂದ ಮುಂದೆ ಅಂಚೆಯನ್ನು ಮದರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್. ಅವರ ದಾರಿಯಲ್ಲಿದ್ದ ನಿಲ್ದಾಣ ನಮ್ಮ ಬಳ್ಳಾರಿ. ಆ ಸಂಸ್ಥೆಯೇ ಬೆಳೆದು ಏರ್ ಇಂಡಿಯಾ ಆಯಿತು, 1953ರಲ್ಲಿ ರಾಷ್ಟ್ರೀಕರಣವಾಯಿತು, 2022ರ ಜನವರಿ 27ರಂದು ಮತ್ತೆ ಟಾಟಾ ಮನೆತನಕ್ಕೆ ಸೇರಿತು.

ಏರ್ ಇಂಡಿಯಾಕ್ಕೆ ಮೊದಲ 747 ಬಂದದ್ದು 1971ರಲ್ಲಿ. ಹೆಸರು "ಚಕ್ರವರ್ತಿ ಅಶೋಕ". ಜಂಬೋ ಎಂದು ಜನ ಕರೆದ ಈ ವಿಮಾನವನ್ನು ಸಂಸ್ಥೆಯವರು "ಗಗನದಲ್ಲಿ ನಿಮ್ಮ ಅರಮನೆ" ಎಂದು ಸಾರಿದರು. ಕಿಟಕಿಗಳ ಸುತ್ತ ರಾಜಸ್ಥಾನದ ಝರೋಕಾಗಳಂತೆ ಕೆಂಪು ಕಮಾನುಗಳನ್ನು ಬಿಡಿಸಿದರು. ಒಂದೊಂದು ವಿಮಾನಕ್ಕೂ ಒಬ್ಬೊಬ್ಬ ಸಾಮ್ರಾಟನ ಹೆಸರು: ಷಾಜಹಾನ್, ರಾಜೇಂದ್ರ ಚೋಳ, ವಿಕ್ರಮಾದಿತ್ಯ, ಅಕ್ಬರ್, ಚಂದ್ರಗುಪ್ತ, ಕನಿಷ್ಕ, ಸಮುದ್ರಗುಪ್ತ, ಹರ್ಷವರ್ಧನ. ಈ ಸಾಲಿನಲ್ಲಿ ನಮ್ಮ ಕೃಷ್ಣದೇವರಾಯನೂ ಇದ್ದ ಎಂಬುದನ್ನು ನಾವು ಕನ್ನಡಿಗರು ಮರೆಯಬಾರದು. ತುಂಗಭದ್ರೆಯ ದಡದಲ್ಲಿ ಆಳಿದ ಅರಸ ಸಪ್ತಸಾಗರಗಳ ಮೇಲೆ ಹಾರಿದ. 1993ರಿಂದ 1996ರ ನಡುವೆ 747-400 ಎಂಬ ಹೊಸ ಮಾದರಿಯ ಆರು ವಿಮಾನಗಳು ಬಂದಾಗ ಚಕ್ರವರ್ತಿಗಳು ಹಿಂದೆ ಸರಿದು ಕೊನಾರ್ಕ, ಅಜಂತಾ, ಖಜುರಾಹೊ, ಆಗ್ರಾ ಮೊದಲಾದ ಸ್ಥಳಗಳ ಹೆಸರುಗಳು ಬಂದವು.

ಈ ವಿಮಾನದ ಬೆನ್ನ ಮೇಲಿನ ಗೂನು ಅದರ ಗುರುತು. ಅದು ಅಂದಕ್ಕಾಗಿ ಮಾಡಿದ್ದಲ್ಲ. 1960ರ ದಶಕದಲ್ಲಿ ಜೋ ಸಟರ್ ಅವರ ನೇತೃತ್ವದಲ್ಲಿ ಬೋಯಿಂಗ್‌ನವರು ಇದನ್ನು ರೂಪಿಸುತ್ತಿದ್ದಾಗ, ಮುಂದೆ ಪ್ರಯಾಣಿಕರೆಲ್ಲ ಶಬ್ದಕ್ಕಿಂತ ವೇಗದ ವಿಮಾನಗಳಲ್ಲಿ ಹೋಗುವರು, ಜಂಬೋ ಸರಕು ಸಾಗಿಸಲು ಉಳಿಯುವುದು ಎಂಬ ಎಣಿಕೆಯಿತ್ತು. ಮೂತಿಯನ್ನೇ ಮೇಲಕ್ಕೆತ್ತಿ ಸರಕು ತುಂಬಲು ಅನುಕೂಲವಾಗಲೆಂದು ಚಾಲಕರ ಕೋಣೆಯನ್ನು ಮಹಡಿಯ ಮೇಲೆ ಇಟ್ಟರು. ಆದದ್ದೇ ಬೇರೆ. ಶಬ್ದಕ್ಕಿಂತ ವೇಗದ ಕಾಂಕಾರ್ಡ್ 2003ರಲ್ಲಿಯೇ ನಿವೃತ್ತವಾಯಿತು. ಸರಕಿನ ಗಾಡಿ ಎಂದುಕೊಂಡದ್ದು ಕೋಟ್ಯಂತರ ಜನರನ್ನು ಹೊತ್ತಿತು.

ಹಾಸನದಲ್ಲಿ ಬಿ.ಎಸ್ಸಿ. ಮಾಡಿ, ಪರೀಕ್ಷೆ ಬರೆದು ದೆಹಲಿಗೆ ಗುಮಾಸ್ತನಾಗಿ ಬಂದ ನನಗೆ ವಿಮಾನವೇರುವ ಅರ್ಹತೆ ಇರಲಿಲ್ಲ. ಊರಿಗೆ ಹೋಗುವುದೆಂದರೆ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ. ಆದರೆ ಜಂಬೋದೊಡನೆ ನನಗೆ ಕಚೇರಿಯ ಸಂಬಂಧವೊಂದಿತ್ತು. ವಿದೇಶಕ್ಕೆ ಹೋಗಿಬಂದ ಅಧಿಕಾರಿಗಳ ಪ್ರಯಾಣ ಭತ್ಯೆಯ ಬಿಲ್ಲುಗಳು ನನ್ನ ಮೇಜಿಗೆ ಬರುತ್ತಿದ್ದವು. ಬಿಲ್ಲಿನ ಹಿಂದೆ ಗುಂಡುಸೂಜಿಯಿಂದ ಚುಚ್ಚಿದ ಬೋರ್ಡಿಂಗ್ ಪಾಸು. ದಿನಾಂಕ ಸರಿಯೇ, ದರ್ಜೆ ಸರಿಯೇ ಎಂದು ಹಸಿರು ಶಾಯಿಯಲ್ಲಿ ಗುರುತು ಹಾಕುವುದು ನನ್ನ ಕೆಲಸ. ಸರ್ಕಾರಿ ಖರ್ಚಿನ ವಿಮಾನ ಪ್ರಯಾಣವೆಲ್ಲ ಏರ್ ಇಂಡಿಯಾದಲ್ಲಿಯೇ ಆಗಬೇಕೆಂಬ ಸುತ್ತೋಲೆ 2009ರಲ್ಲಿ ಬಂದ ಮೇಲಂತೂ ಆ ಕಾಗದದ ಚೂರುಗಳ ರಾಶಿ ಬೆಳೆಯಿತು. ಹೀಗೆ ನಾನು ಕುರ್ಚಿ ಬಿಟ್ಟು ಏಳದೆ ಫ್ರಾಂಕ್‌ಫರ್ಟ್, ಲಂಡನ್, ನ್ಯೂಯಾರ್ಕ್‌ಗಳಿಗೆ ಹೋಗಿಬಂದವನು.

ಇನ್ನು ಮನೆಯ ಸಂಬಂಧ. ದೆಹಲಿಯ ಕನ್ನಡ ಮನೆಗಳಲ್ಲಿ ಹಲವು ವರ್ಷ ಬಾಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದೊಡ್ಡ ವಿಮಾನಗಳು ದೆಹಲಿಯಿಂದಲೋ ಮುಂಬಯಿಯಿಂದಲೋ ಹೊರಡುತ್ತಿದ್ದ ಕಾಲದಲ್ಲಿ ನಮ್ಮ ಎರಡು ಕೋಣೆಯ ಸರ್ಕಾರಿ ಕ್ವಾರ್ಟರ್ಸು ಒಂದು ಛತ್ರವಾಗಿತ್ತು. ಚಾಣಕ್ಯಪುರಿಯ ರಾಯಭಾರ ಕಚೇರಿಗಳಲ್ಲಿ ವೀಸಾ ಕೇಳಲು ಬಂದವರು, ಮಗಳ ಬಾಣಂತನಕ್ಕೆಂದು ಹೊರಟ ತಾಯಂದಿರು, ಮೊದಲ ಬಾರಿ ಕೋಟು ಹೊಲಿಸಿಕೊಂಡ ಹುಡುಗರು, ಯಾರು ಬಂದರೂ ನಮ್ಮಲ್ಲಿ ಒಂದೆರಡು ರಾತ್ರಿ. "ರಾಮಕೃಷ್ಣಪುರದಿಂದ ಪಾಲಂ ಹತ್ತಿರವಂತೆ" ಎಂಬ ಕಾರಣಕ್ಕೇ ನೆಂಟರಾದವರೂ ಉಂಟು! ಸೂಟ್‌ಕೇಸನ್ನು ಬಚ್ಚಲುಮನೆಯ ಮುಂದಿನ ತಕ್ಕಡಿಯ ಮೇಲಿಟ್ಟು ತೂಗುವುದು, ಹೆಚ್ಚಾಯಿತೆಂದು ಹುಣಿಸೆಹಣ್ಣಿನ ಉಂಡೆ ತೆಗೆಯುವುದು, ತಾಯಿಯ ಮುಖ ನೋಡಿ ಅದನ್ನೇ ಮತ್ತೆ ಇಟ್ಟು ಪುಸ್ತಕವೊಂದನ್ನು ತೆಗೆಯುವುದು. ಹಾಗೆ ಉಳಿದ ಪುಸ್ತಕಗಳಿಂದಲೇ ನಮ್ಮ ಮನೆಯಲ್ಲಿ ಒಂದು ಕಪಾಟು ತುಂಬಿದೆ.

2003ರ ಫೆಬ್ರವರಿಯಲ್ಲಿ ನನ್ನ ಅಣ್ಣ ಹೊರಟ. ಬೆಂಗಳೂರಿನ ಕೆಲಸ ಬಿಟ್ಟು ಅಮೆರಿಕಕ್ಕೆ. ದೆಹಲಿಯಿಂದ ಫ್ರಾಂಕ್‌ಫರ್ಟಿಗೆ ಜಂಬೋ, ಅಲ್ಲಿಂದ ಮುಂದೆ ಬೇರೆ ವಿಮಾನ. ಅವನನ್ನು ಕಳಿಸಿಕೊಡಲೆಂದೇ ಅಮ್ಮ ಹಾಸನದಿಂದ ಬಂದಿದ್ದಳು. ಹಿಂದಿನ ಸಂಜೆ ತಾರಸಿಯ ಮೇಲೆ ಬಟ್ಟೆ ತೆಗೆಯುತ್ತಿದ್ದಾಗ ಒಂದು ಜಂಬೋ ಇಳಿಯಲು ತಗ್ಗಿ ಬಂತು. ಗೂನು ಸ್ಪಷ್ಟವಾಗಿ ಕಂಡಿತು. ಅಮ್ಮ ಕೈಯಲ್ಲಿದ್ದ ಸೀರೆಯನ್ನು ಹಾಗೆಯೇ ಹಿಡಿದು ನೋಡಿದಳು.

"ನೀನು ಬಿ.ಎಸ್ಸಿ. ಓದಿದೀಯಲ್ಲ, ಹೇಳು. ಇಷ್ಟು ದೊಡ್ಡದು ಹೆಂಗೋ ಮೇಲಕ್ಕೆ ಏಳುತ್ತೆ?"

ನಾನು ಉತ್ಸಾಹದಿಂದ ಹೇಳಿದೆ. ರೈಟ್ ಸೋದರರು 1903ರಲ್ಲಿ ಮೊದಲ ಸಲ ಹಾರಿದ ದೂರವೇ 120 ಅಡಿ, ಈ ವಿಮಾನದ ಉದ್ದವೇ 231 ಅಡಿ ಎಂದೆ. ಜನ, ಸಾಮಾನು, ಇಂಧನ ಎಲ್ಲ ತುಂಬಿದರೆ ತೂಕ ನಾನೂರು ಟನ್ನಿನ ಹತ್ತಿರ. ಇಂಧನವೇ 2 ಲಕ್ಷ ಲೀಟರಿಗೂ ಮಿಗಿಲು ಹಿಡಿಸುತ್ತದೆ ಎಂದೆ. ರೆಕ್ಕೆಯನ್ನು ತುಸು ಮೇಲ್ಮುಖವಾಗಿ ಹಿಡಿದು ವೇಗವಾಗಿ ಓಡಿದರೆ ಗಾಳಿಯನ್ನು ಅದು ಕೆಳಕ್ಕೆ ತಳ್ಳುತ್ತದೆ, ಗಾಳಿ ಅದನ್ನು ಮೇಲಕ್ಕೆ ಒತ್ತುತ್ತದೆ. ರೆಕ್ಕೆಯ ಮೇಲ್ಗಡೆ ಒತ್ತಡ ಕಡಿಮೆ, ಕೆಳಗಡೆ ಹೆಚ್ಚು. ಬಸ್ಸಿನ ಕಿಟಕಿಯಿಂದ ಅಂಗೈಯನ್ನು ಓರೆಯಾಗಿ ಹಿಡಿದರೆ ಕೈ ತಾನೇ ಮೇಲಕ್ಕೆ ಹೋಗುವುದಿಲ್ಲವೆ, ಹಾಗೆ. ಅಮ್ಮ ಎಲ್ಲವನ್ನೂ ಕೇಳಿದಳು. ಸೀರೆ ಮಡಿಸಿ ತೋಳಿಗೆ ಹಾಕಿಕೊಂಡು, "ಹೋಗೋದು ಗೊತ್ತಾಯ್ತು. ವಾಪಸು ಬರೋದು ಹೇಳು" ಎಂದಳು. ಅದಕ್ಕೆ ನಮ್ಮ ಪಠ್ಯಪುಸ್ತಕದಲ್ಲಿ ಸೂತ್ರವಿರಲಿಲ್ಲ.

ಮರುದಿನ ರಾತ್ರಿ ವಿಮಾನ ನಿಲ್ದಾಣದ ಬಾಗಿಲಲ್ಲಿ ಅಣ್ಣ ಕಾಲಿಗೆರಗಿ "ಹೋಗ್ತೀನಮ್ಮ" ಎಂದಾಗ, ಅಷ್ಟು ಜನರ ನಡುವೆಯೂ ಅವಳು ಅವನನ್ನು ತಿದ್ದಿದಳು. "ಹೋಗ್ತೀನಿ ಅನ್ನಬಾರದು. ಹೋಗಿ ಬರ್ತೀನಿ ಅನ್ನು." ಅವನು ಅಂದ. ಕಾವಲಿನವರು ಟಿಕೆಟ್ ನೋಡಿ ಒಳಗೆ ಬಿಟ್ಟರು. ಗಾಜಿನ ಆಚೆ ಅವನ ಬೆನ್ನು ಕಾಣುವವರೆಗೆ ನಿಂತೆವು, ಕಾಣದಾದ ಮೇಲೂ ನಿಂತೆವು. ಕ್ವಾರ್ಟರ್ಸಿಗೆ ಹಿಂತಿರುಗಿದ ಮೇಲೆ ಅಮ್ಮ ಮಲಗಲಿಲ್ಲ. ಶಾಲು ಹೊದ್ದು ತಾರಸಿಗೆ ಹೋದಳು, ನಾನೂ ಹೋದೆ. ನಡುರಾತ್ರಿ ಕಳೆದು ಬಹಳ ಹೊತ್ತಾದ ಮೇಲೆ ಒಂದು ಭಾರವಾದ ಸದ್ದು ಎದ್ದಿತು. ಎರಡು ದೀಪಗಳು ಪಡುವಣಕ್ಕೆ ಏರಿದವು. ಅದು ಯಾವ ವಿಮಾನವೋ ಹೇಳುವವರು ಯಾರೂ ಇರಲಿಲ್ಲ. "ಅದೇ" ಎಂದಳು ಅಮ್ಮ. "ಹೂಂ, ಅದೇ" ಎಂದೆ. ಅವಳು ಸೆರಗು ಹಿಡಿದ ಕೈಯನ್ನು ಸ್ವಲ್ಪ ಎತ್ತಿದಳು.

ಇದನ್ನು ಬರೆಯುವಾಗ, ಹೋದವರೆಲ್ಲ ಬಂದರು ಎಂದು ಬರೆಯಲಾಗದು ಎಂಬ ಅರಿವೂ ನನಗಿದೆ. ವಿದಾಯ ಹೇಳುವಾಗ ಒಳ್ಳೆಯದನ್ನೇ ಹೇಳುವುದು ನಮ್ಮ ಕಚೇರಿಯ ವಾಡಿಕೆ. ಆದರೆ ಜಂಬೋದ ವಿಷಯದಲ್ಲಿ ಅಷ್ಟೇ ಹೇಳಿದರೆ ತಪ್ಪಾದೀತು. ಮೊಟ್ಟಮೊದಲು ಬಂದ "ಅಶೋಕ" 1978ರ ಜನವರಿ 1ರಂದು ದುಬೈಗೆಂದು ಮುಂಬಯಿಯಿಂದ ಹೊರಟು, ಚಾಲಕರಿಗೆ ವಿಮಾನದ ವಾಲು ತೋರಿಸುವ ಉಪಕರಣ ಕೆಟ್ಟು, ಕತ್ತಲಲ್ಲಿ ಸಮುದ್ರಕ್ಕೆ ಬಿದ್ದಿತು. 213 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. 1985ರ ಜೂನ್ 23ರಂದು "ಕನಿಷ್ಕ"ವನ್ನು ಐರ್ಲೆಂಡಿನ ಕರಾವಳಿಯ ಆಚೆ ಆಕಾಶದಲ್ಲಿಯೇ ಬಾಂಬಿಟ್ಟು ಉರುಳಿಸಿದರು. 329 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಕೆನಡಾದಲ್ಲಿ ನೆಲೆಸಿದ್ದ ಭಾರತೀಯ ಮೂಲದವರು. ಬೇಸಿಗೆ ರಜೆಗೆ ಮಕ್ಕಳನ್ನು ಕರೆದುಕೊಂಡು ಅಜ್ಜ ಅಜ್ಜಿಯರ ಮನೆಗೆ ಹೊರಟಿದ್ದವರೇ ಬಹಳ. ಆ ವಿಮಾನ ಲಂಡನ್ನಿನಿಂದ ಮುಂದೆ ಬರಬೇಕಾಗಿದ್ದದ್ದು ನಮ್ಮ ದೆಹಲಿಗೆ. ಪರಸ್ಥಳದಲ್ಲಿ ಬದುಕು ಕಟ್ಟಿಕೊಂಡು ವರ್ಷಕ್ಕೊಮ್ಮೆ ಊರಿನ ದಾರಿ ಹಿಡಿಯುವ ನಮ್ಮಂಥವರೇ ಅವರು. ಅಮ್ಮನ ಪ್ರಶ್ನೆಯ ಹಿಂದಿದ್ದ ಅಂಜಿಕೆ ವೃಥಾ ಅಂಜಿಕೆಯಲ್ಲ. ಜಂಬೋಗೆ ಬೀಳ್ಕೊಡುಗೆ ಎಂದರೆ ಅದರಲ್ಲಿ ಹೋಗಿ ಬಾರದವರ ನೆನಪೂ ಸೇರಬೇಕು.

ಅದೇ ಜಂಬೋ ಜನರನ್ನು ಮನೆಗೆ ತಂದುಬಿಟ್ಟ ಪುಣ್ಯಕ್ಕೂ ಲೆಕ್ಕವಿದೆ. 2020ರ ಜನವರಿ 31ರಂದು, ಚೀನಾದ ವುಹಾನ್ ನಗರ ಬಾಗಿಲು ಹಾಕಿಕೊಂಡು ಕೂತಿದ್ದಾಗ, ದೆಹಲಿಯಿಂದ ಒಂದು 747 ಅಲ್ಲಿಗೆ ಹೋಗಿ ಮರುದಿನ ಬೆಳಿಗ್ಗೆ 324 ಭಾರತೀಯರನ್ನು ತಂದಿತು. ಕೂಡಲೇ ಮತ್ತೊಂದು ಸರದಿಯಲ್ಲಿ ಇನ್ನೂ 323 ಮಂದಿಯನ್ನೂ ಮಾಲ್ಡೀವ್ಸಿನ 7 ಜನರನ್ನೂ ತಂದಿತು. ಹೆಚ್ಚಿನವರು ವಿದ್ಯಾರ್ಥಿಗಳು. ಅವರನ್ನು ನಮ್ಮ ನೆರೆಯ ಮಾನೇಸರ ಮತ್ತು ಛಾವ್ಲಾ ಶಿಬಿರಗಳಲ್ಲಿ ಇರಿಸಿದ್ದರು. ಎಲ್ಲರೂ ಆ ಊರಿನಿಂದ ದೂರ ಓಡುತ್ತಿದ್ದ ಹೊತ್ತಿನಲ್ಲಿ ಅಲ್ಲಿಗೆ ಹೋಗಲು ಒಪ್ಪಿದ ಚಾಲಕರಿಗೂ ವಿಮಾನದ ಸಿಬ್ಬಂದಿಗೂ ವೈದ್ಯರಿಗೂ ಕೈ ಮುಗಿಯಬೇಕು. ರಾಷ್ಟ್ರಪತಿ, ಪ್ರಧಾನಿಗಳು ವಿದೇಶಕ್ಕೆ ಹೋಗುತ್ತಿದ್ದುದೂ ಜಂಬೋದಲ್ಲಿಯೇ. 2020ರ ಅಕ್ಟೋಬರಿನಲ್ಲಿ ಆ ಕೆಲಸಕ್ಕೆಂದು ಹೊಸ 777 ದೆಹಲಿಗೆ ಬಂತು. ಅಂದರೆ ಒಂದೇ ವರ್ಷದಲ್ಲಿ ವಿದ್ಯಾರ್ಥಿಗಳನ್ನು ಕರೆತಂದದ್ದೂ ಆಯಿತು, ಅರಸರ ಸೇವೆಯಿಂದ ಬಿಡುಗಡೆಯೂ ಆಯಿತು.

ಇಷ್ಟು ಉಪಕಾರಿಯಾದದ್ದನ್ನು ಏಕೆ ಬಿಟ್ಟರು ಎಂದು ಕೇಳಬಹುದು. ಉತ್ತರ ಲೆಕ್ಕದ ಪುಸ್ತಕದಲ್ಲಿದೆ. ಜಂಬೋಗೆ ನಾಲ್ಕು ಎಂಜಿನ್. ನಾಲ್ಕು ಎಂಜಿನ್ ಎಂದರೆ ನಾಲ್ಕು ಬಾಯಿ. ಎರಡು ಎಂಜಿನ್ನಿನ ವಿಮಾನ ಯಾವುದಾದರೂ ನಿಲ್ದಾಣದಿಂದ ಅರುವತ್ತು ನಿಮಿಷದ ದೂರದೊಳಗೇ ಹಾರಬೇಕೆಂಬ ನಿಯಮ ಅಮೆರಿಕದಲ್ಲಿತ್ತು. ಆದ್ದರಿಂದ ಮಹಾಸಾಗರ ದಾಟಲು ಎರಡಕ್ಕಿಂತ ಹೆಚ್ಚು ಎಂಜಿನ್ನಿನ ದೊಡ್ಡಣ್ಣನೇ ಬೇಕಾಗಿತ್ತು. ಎಂಜಿನ್ನುಗಳು ಸುಧಾರಿಸಿದಂತೆ 1985ರಲ್ಲಿ ಆ ಮಿತಿಯನ್ನು 120 ನಿಮಿಷಕ್ಕೂ ಆಮೇಲೆ 180ಕ್ಕೂ ಏರಿಸಿದರು. ಎರಡೇ ಎಂಜಿನ್ನಿನ 777 ಅದೇ ಸಾಗರವನ್ನು ಕಡಿಮೆ ಇಂಧನದಲ್ಲಿ ದಾಟತೊಡಗಿತು. ಏರ್ ಇಂಡಿಯಾಕ್ಕೂ ಅದು ಬಂತು. ಅಲ್ಲಿಂದ ಜಂಬೋ ಅಟ್ಟದ ಮೇಲಿನ ದೊಡ್ಡ ಹಂಡೆಯಾಯಿತು. ಮದುವೆ ಮುಂಜಿಗೆ ಮಾತ್ರ ಕೆಳಗಿಳಿಸುವಂಥದ್ದು. ಬೋಯಿಂಗ್‌ನವರು ಒಟ್ಟು 1,574 ಜಂಬೋಗಳನ್ನು ಮಾಡಿ, ಕೊನೆಯದನ್ನು 2023ರ ಜನವರಿ 31ರಂದು ಸರಕು ಸಾಗಣೆಯ ಸಂಸ್ಥೆಯೊಂದಕ್ಕೆ ಒಪ್ಪಿಸಿದರು.

ಇದರ ಜೊತೆಗೇ ನಮ್ಮ ಛತ್ರದ ವ್ಯವಹಾರವೂ ಮುಗಿಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ಹೊಸ ವಿಮಾನ ನಿಲ್ದಾಣ ತೆರೆಯಿತು. ಬೆಂಗಳೂರಿನಿಂದ ನೇರವಾಗಿ ಹೊರದೇಶಕ್ಕೆ ಹೋಗುವವರು ವರ್ಷ ವರ್ಷ ಹೆಚ್ಚಿದರು. 2021ರ ಜನವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ, ಮಹಿಳಾ ಚಾಲಕಿಯರೇ ನಡೆಸಿದ ವಿಮಾನ ಎಲ್ಲಿಯೂ ನಿಲ್ಲದೆ ಬೆಂಗಳೂರಿಗೆ ಬಂದು ಇಳಿಯಿತು. ಕನ್ನಡಿಗನಾಗಿ ನನಗೆ ಹೆಮ್ಮೆಯಾಯಿತು. ಆದರೆ ನಮ್ಮ ಮನೆಯ ಹಾಸಿಗೆ ಸುತ್ತಿಟ್ಟಲ್ಲಿಂದ ಬಿಚ್ಚುವುದು ಅಪರೂಪವಾಯಿತು. ನನ್ನ ಹೆಂಡತಿ ಒಮ್ಮೆ, "ಬೇಳೆ ಡಬ್ಬ ಚಿಕ್ಕದು ಸಾಕು ಇನ್ನು" ಎಂದಳು. ನೆಂಟರ ಕಾಟ ತಪ್ಪಿತು ಎಂದು ಹೇಳಬಹುದಿತ್ತು. ಅವಳೂ ಹಾಗೆ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಬೇರೆ ದೇಶಗಳವರೂ ಈ ವಿಮಾನಕ್ಕೆ ವಿದಾಯ ಹೇಳಿದ್ದಾರೆ. ಆಸ್ಟ್ರೇಲಿಯದ ಕ್ವಾಂಟಾಸ್ ಸಂಸ್ಥೆಯ ಕೊನೆಯ ಜಂಬೋ 2020ರ ಜುಲೈ 22ರಂದು ಸಿಡ್ನಿಯಿಂದ ಹೊರಟು, ಸಾಗರದ ಮೇಲೆ ತನ್ನ ಹಾದಿಯಲ್ಲಿಯೇ ಕಾಂಗರೂವಿನ ಆಕಾರ ಬರೆದು ಹೋಯಿತು. ಅದೇ ಸಂಸ್ಥೆ 2015ರಲ್ಲಿ ಒಂದು ಜಂಬೋವನ್ನು ವಸ್ತುಸಂಗ್ರಹಾಲಯಕ್ಕೆ ದಾನ ಕೊಟ್ಟಿತ್ತು. ನಾವಾದರೋ ಚಾಣಕ್ಯಪುರಿಯಲ್ಲಿ 1977ರಿಂದ ರೈಲುಗಳ ಸಂಗ್ರಹಾಲಯ ಇಟ್ಟುಕೊಂಡಿದ್ದೇವೆ. ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ, ಹಳೆಯ ಉಗಿಬಂಡಿಯ ಮುಂದೆ ನಿಲ್ಲಿಸಿ ಫೋಟೋ ತೆಗೆಯದ ದೆಹಲಿ ಕನ್ನಡಿಗ ವಿರಳ. "ಆಗ್ರಾ"ದ ಮುಂದೆ ಹಾಗೆ ನಿಲ್ಲುವ ಭಾಗ್ಯ ನಮ್ಮ ಮೊಮ್ಮಕ್ಕಳಿಗೆ ಇಲ್ಲ. ಇಡೀ ವಿಮಾನ ಬೇಡ, ಆ ಕೆಂಪು ಕಮಾನಿನ ಕಿಟಕಿಗಳ ಒಂದು ಸಾಲನ್ನಾದರೂ ದೆಹಲಿಯಲ್ಲಿ ಎಲ್ಲಾದರೂ ಇರಿಸಿದ್ದರೆ ಎಂದು ನನಗೆ ಆಸೆ.

ಹತ್ತದವರಿಗೆ ವಿಮಾನದ ಮೇಲೆ ಹಕ್ಕೇನು ಎಂಬ ನನ್ನ ಮಿತ್ರರ ಪ್ರಶ್ನೆಗೆ ಒಂದು ಉತ್ತರ ದ್ವಾರಕಾದಲ್ಲಿ ಸಿಕ್ಕಿತ್ತು. ಇಂಡಿಯನ್ ಏರ್‌ಲೈನ್ಸಿನ ನಿವೃತ್ತ ಎಂಜಿನಿಯರೊಬ್ಬರು ಸೇವೆ ಮುಗಿಸಿದ ಏರ್‌ಬಸ್ ಎ-300 ಒಂದನ್ನು ಕೊಂಡು ಅಲ್ಲಿ ನಿಲ್ಲಿಸಿದ್ದರು. ಅದಕ್ಕೆ ಒಂದು ರೆಕ್ಕೆಯೇ ಇರಲಿಲ್ಲ. ಅದು ಎಲ್ಲಿಗೂ ಹೋಗುವುದಲ್ಲ. ಆದರೂ ಜನ್ಮದಲ್ಲಿ ವಿಮಾನ ಹತ್ತದ ಬಡ ಜನರು ಅಲ್ಪ ಹಣ ಕೊಟ್ಟು ಒಳಗೆ ಕೂತು, ಸೊಂಟದ ಪಟ್ಟಿ ಬಿಗಿದುಕೊಂಡು, ಪ್ರಕಟಣೆ ಕೇಳಿ ಸಂತೋಷಪಟ್ಟು ಇಳಿಯುತ್ತಿದ್ದರೆಂದು ಪತ್ರಿಕೆಗಳು ಬರೆದಿದ್ದವು. ಓದಿ ಕೆಲವರು ನಕ್ಕರು. ನನಗೆ ಅಮ್ಮನ ನೆನಪಾಯಿತು.

ಅಮ್ಮ 2018ರಲ್ಲಿ ಹಾಸನದಲ್ಲಿ ತೀರಿಕೊಂಡಳು. ಅವಳು ಕೊನೆಯವರೆಗೂ ವಿಮಾನ ಹತ್ತಲಿಲ್ಲ. ಅಣ್ಣ ಬಾ ಬಾ ಎಂದು ಎಷ್ಟು ಕರೆದರೂ, "ಎಲ್ಲರೂ ಹೋದರೆ ಕಾಯೋರು ಯಾರು" ಎನ್ನುತ್ತಿದ್ದಳು. ನಾನು ದೆಹಲಿಯಿಂದ ಅದೇ ಸಂಜೆ ಮುಟ್ಟಿದೆ. ಅಣ್ಣ ಎರಡು ವಿಮಾನ ಬದಲಿಸಿ ಮೂರನೆಯ ದಿನ ಬೆಳಿಗ್ಗೆ ಬಂದ. ಅಸ್ಥಿಸಂಚಯನದ ಹೊತ್ತಿಗೆ ಇದ್ದ. ಬಾಗಿಲಲ್ಲಿ ಸೂಟ್‌ಕೇಸು ಇಟ್ಟವನು ಮೊದಲು ಹೇಳಿದ ಮಾತು "ಬಂದೆ" ಎಂಬುದು. ಯಾರಿಗೆ ಹೇಳಿದನೋ ನಮಗೆಲ್ಲ ಗೊತ್ತಿತ್ತು.

ಆದ್ದರಿಂದ ಹರಿಯಾಣದ ಮಿತ್ರರಿಗೆ ನನ್ನ ಉತ್ತರ ಇಷ್ಟು. ಒಂದು ವಿಮಾನ ಅದರಲ್ಲಿ ಕೂತವರದು ಎಷ್ಟೋ, ಅದನ್ನು ನೋಡುತ್ತ ತಾರಸಿಯ ಮೇಲೆ ನಿಂತವರದೂ ಅಷ್ಟೇ. ಕೂತವರು ನಾನೂರು ಜನ. ಬಾಗಿಲವರೆಗೆ ಬಂದವರು, ಅಡಿಗೆ ಮಾಡಿ ಕಟ್ಟಿಕೊಟ್ಟವರು, ಊರಿನಲ್ಲಿ ದೂರವಾಣಿಯ ಪಕ್ಕ ಕೂತವರು ಅದರ ಹಲವು ಪಾಲು. ಜಂಬೋ ನಮ್ಮ ಪಾಲಿಗೆ ಪ್ರಯಾಣದ ಸಾಧನವಾಗಿರಲಿಲ್ಲ, ಕಳಿಸಿಕೊಡುವ ಸಾಧನವಾಗಿತ್ತು. ಅದು ಹೋದಾಗ ನಮ್ಮದೊಂದು ಕೆಲಸವೂ ಹೋಯಿತು.

ಏರ್ ಇಂಡಿಯಾದ ಜಂಬೋ ಕೊನೆಯ ಬಾರಿಗೆ ಪ್ರಯಾಣಿಕರನ್ನು ಹೊತ್ತು ಹೊರಟದ್ದು ಮುಂಬಯಿಯಿಂದಲ್ಲ, ನಮ್ಮ ದೆಹಲಿಯಿಂದ. 2021ರ ಮಾರ್ಚಿನಲ್ಲಿ, ಮುಂಬಯಿಗೆ. ಅದು ಕೊರೋನಾದ ಕಾಲ. ನಾವೆಲ್ಲ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮನೆಯೊಳಗಿದ್ದೆವು. ಅದು ನಮ್ಮ ತಾರಸಿಗಳ ಮೇಲಿಂದ ಹೋದದ್ದನ್ನು ನಮ್ಮವರಲ್ಲಿ ಯಾರೂ ತಲೆಯೆತ್ತಿ ನೋಡಿದಂತಿಲ್ಲ. ಮುಂಬಯಿಯವರು ತಮ್ಮ ಪಾಲಿನ ವಿದಾಯವನ್ನು ಚೆನ್ನಾಗಿಯೇ ಹೇಳಿದರು. ದೆಹಲಿಯ ಪಾಲು ಬಾಕಿ ಇತ್ತು. ಈ ಲೇಖನವನ್ನು ಆ ಬಾಕಿಯ ಲೆಕ್ಕಕ್ಕೆ ಜಮಾ ಮಾಡಿಕೊಳ್ಳಬೇಕೆಂದು ಓದುಗ ಮಿತ್ರರಲ್ಲಿ ನನ್ನ ಅರಿಕೆ. ನಿಮ್ಮ ಮನೆಗಳಲ್ಲಿಯೂ ಹಳೆಯ ಬೋರ್ಡಿಂಗ್ ಪಾಸು, ಮಹಾರಾಜನ ಚಿತ್ರದ ಕಾರ್ಡು, ಅಥವಾ ಕಳಿಸಿಕೊಟ್ಟು ಬಂದ ಒಂದು ರಾತ್ರಿಯ ನೆನಪು ಉಳಿದಿದ್ದರೆ ಈ ಪತ್ರಿಕೆಗೆ ಬರೆದು ಕಳಿಸಿ. ದೊಡ್ಡದು, ಚಿಕ್ಕದು ಎಂದು ನೋಡಬೇಡಿ. ಮುಂದಿನ ತಲೆಮಾರಿನವರು ನೇರವಾಗಿ ಊರಿಂದೂರಿಗೆ ಹಾರುವರು. ನಡುವೆ ಒಂದು ರಾತ್ರಿ ಯಾರ ಮನೆಯಲ್ಲೋ ಮಲಗಿ, ಮೊಸರನ್ನ ಕಟ್ಟಿಸಿಕೊಂಡು ಹೋದ ಕಾಲವೊಂದಿತ್ತೆಂದು ಅವರಿಗೆ ನಾವು ಹೇಳದಿದ್ದರೆ ತಿಳಿಯುವ ದಾರಿಯಿಲ್ಲ.